ಹಬ್ಬದೂಟಕ್ಕೆ ಹಣ್ಣಿನ ಜೆಲ್ಲಿ

ಯುಗಾದಿಯ ಹೊತ್ತಿಗೆ ಗದಗ-ಬೆಟಗೇರಿ, ಮುಂಡರಗಿಗಳ ಕಡೆ ಹಗಲಿನ ಉಷ್ಣತೆ 35 ಡಿಗ್ರಿ ಸೆಲ್ಸಿಯಸ್ ದಾಟುವುದುಂಟು. ಆ ಕಾವಿನಲ್ಲಿ ಜೆಲಾಟಿನ್ನಿನ ಜೆಲ್ಲಿ ನೀರಾಗಿಬಿಡುತ್ತದೆ. ಅಲ್ಲದೆ ಜೆಲಾಟಿನ್ ಪ್ರಾಣಿಗಳ ಚರ್ಮ, ಎಲುಬುಗಳಿಂದ ಪಡೆದ ಪ್ರೋಟೀನು. ಶಾಕಾಹಾರಿ ಅತಿಥಿಗಳಿಗೆ ಸಲ್ಲದು.

ಕಡಲ ಪಾಚಿಯಿಂದ ತೆಗೆದ ಅಗರ್, ಎಂದರೆ ಅಂಗಡಿಯ ‘ಚೈನಾ ಗ್ರಾಸ್’, ಎರಡೂ ತೊಡಕುಗಳನ್ನು ನಿವಾರಿಸುತ್ತದೆ. ತಣಿಯುವಾಗ ಅದರ ಉದ್ದನೆಯ ಅಣುಗಳು ಹುರಿಗೊಂಡು ಬಲೆಯಾಗುತ್ತವೆ. ಆ ಬಲೆ ಮರಳಿ ಕರಗಲು ಸುಮಾರು 85 ಡಿಗ್ರಿ ಬೇಕು. ಬೇಯಿಸದ ಅನಾನಸು, ಪಪ್ಪಾಯಿಗಳ ಕಿಣ್ವಗಳು ಪ್ರೋಟೀನನ್ನು ತುಂಡರಿಸುತ್ತವೆ. ಪ್ರೋಟೀನಲ್ಲದ ಅಗರಿಗೆ ಬಾಧೆಯಿಲ್ಲ.

ಅರ್ಧ ಲೀಟರ್ ನೀರಿನಲ್ಲಿ 5 ಗ್ರಾಂ ಅಗರನ್ನು ನೆನೆಸಿ, ಎಳೆ ಉಳಿಯದಂತೆ ಕುದಿಸಿ, ಸಕ್ಕರೆ ಬೆರೆಸಿರಿ. ಒಲೆಯಿಂದ ಇಳಿಸಿದ ಮೇಲೆಯೇ ನಿಂಬೆರಸ ಹಿಂಡಿರಿ. ಹುಳಿಯೊಡನೆ ಕುದಿದರೆ ಅಣುಗಳು ತುಂಡಾಗಿ ಜೆಲ್ಲಿ ಸಡಿಲಾಗುತ್ತದೆ. ಹಣ್ಣಿನ ಹೋಳುಗಳ ಮೇಲೆ ಸುರಿದು, ಪಾತ್ರೆಯನ್ನು ಗಡಿಗೆಯ ತಣ್ಣೀರಿನಲ್ಲಿಟ್ಟರೆ ಸಾಕು, ಜೆಲ್ಲಿ ಸಿದ್ಧ.