ಪಂಚಾಯಿತಿ ನಡಾವಳಿ: ರೈತರು ತಿಳಿದಿರಬೇಕಾದ ವಿಷಯಗಳು

ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳ ಬೇಸಾಯ ಒಂದೇ ಬಗೆಯದಲ್ಲ. ಕೊಳ್ಳೇಗಾಲದ ಬಯಲಿನಲ್ಲಿ ಭತ್ತ ಮತ್ತು ಹಿಪ್ಪುನೇರಳೆ, ಯಳಂದೂರಿನಲ್ಲಿ ಸುವರ್ಣಾವತಿ ಹೊಳೆಯ ಆಸುಪಾಸಿನ ಗದ್ದೆಗಳು, ಹನೂರಿನಲ್ಲಿ ಹೆಚ್ಚಾಗಿ ಮಳೆಯನ್ನೇ ನಂಬಿದ ರಾಗಿ, ಮುಸುಕಿನ ಜೋಳ, ಹುರುಳಿ. ಆದರೆ ಕೆರೆಯ ಹೂಳು, ಹೊಲದ ದಾರಿ, ದನಗಳಿಗೆ ನೀರಿನ ತೊಟ್ಟಿ, ಮಳೆಗೆ ಕೊಚ್ಚಿಹೋದ ಹಳ್ಳದ ದಡ, ಇವು ಮೂರು ಕಡೆಯೂ ಇರುವ ತೊಂದರೆಗಳು. ಒಬ್ಬ ರೈತ ತನ್ನ ಖರ್ಚಿನಲ್ಲಿ ಇವನ್ನು ಸರಿಪಡಿಸಲಾರ. ಇಂಥ ಕೆಲಸ ಆಗುವುದೂ ಬಿಡುವುದೂ ಬಹುಮಟ್ಟಿಗೆ ಗ್ರಾಮ ಪಂಚಾಯಿತಿಯ ನಡಾವಳಿ ಪುಸ್ತಕದಲ್ಲಿ ಏನು ಬರೆದಿದೆ ಎಂಬುದರ ಮೇಲೆ ನಿಂತಿದೆ. ಬಾಯಲ್ಲಿ ಹೇಳಿದ ಬೇಡಿಕೆ ಸಭೆ ಮುಗಿಯುತ್ತಲೇ ಮರೆತುಹೋಗುತ್ತದೆ. ನಿರ್ಣಯವಾಗಿ ಬರೆದದ್ದು ಉಳಿಯುತ್ತದೆ. ಆದ್ದರಿಂದ ರೈತರು ಈ ನಡಾವಳಿಯ ಕ್ರಮವನ್ನು ತಿಳಿದಿರುವುದು ಅಗತ್ಯ.

ಯಾವ ಸಭೆಯಲ್ಲಿ ಯಾವ ಕೆಲಸ

ಕರ್ನಾಟಕದ ಪಂಚಾಯತ್ ರಾಜ್ ಕಾಯ್ದೆ 1993ರಲ್ಲಿ ಜಾರಿಗೆ ಬಂದಿತು. ಅದರಂತೆ ಮುಖ್ಯವಾಗಿ ಮೂರು ಸಭೆಗಳನ್ನು ನೆನಪಿಡಬೇಕು.

1. ವಾರ್ಡ್ ಸಭೆ: ಒಂದು ವಾರ್ಡಿನ ಮತದಾರರೆಲ್ಲರೂ ಇದರ ಸದಸ್ಯರು. ಬೇಡಿಕೆಗಳು ಹುಟ್ಟಬೇಕಾದ ಜಾಗ ಇದೇ.

2. ಗ್ರಾಮಸಭೆ: ಪಂಚಾಯಿತಿ ವ್ಯಾಪ್ತಿಯ ಮತದಾರರೆಲ್ಲರ ಸಭೆ. ಆರು ತಿಂಗಳಿಗೊಮ್ಮೆಯಾದರೂ ಸೇರಬೇಕು. ವಾರ್ಡುಗಳಿಂದ ಬಂದ ಬೇಡಿಕೆಗಳಲ್ಲಿ ಯಾವುದು ಮೊದಲು, ಫಲಾನುಭವಿಗಳು ಯಾರು ಎಂಬುದನ್ನು ಇಲ್ಲಿ ಗೊತ್ತುಮಾಡಬೇಕು.

3. ಪಂಚಾಯಿತಿಯ ಸಾಮಾನ್ಯ ಸಭೆ: ಜಮಾಖರ್ಚು, ಕಂದಾಯ ವಸೂಲಿ, ನೀರು ಸರಬರಾಜು, ಬೀದಿದೀಪ, ಕ್ರಿಯಾಯೋಜನೆಯ ಒಪ್ಪಿಗೆ, ಸಾರ್ವಜನಿಕರ ಅರ್ಜಿಗಳು, ಇವು ಇದರ ಮಾಮೂಲು ವಿಷಯಗಳು.

ಚುನಾವಣೆಯಾಗದೆ ಸದಸ್ಯರಿಲ್ಲದ ಕಾಲವೂ ಬರಬಹುದು. ರಾಜ್ಯದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿ ಸದಸ್ಯರ ಅವಧಿ 2021ರಲ್ಲಿ ಮುಗಿದ ಮೇಲೆ ಆಡಳಿತಾಧಿಕಾರಿಗಳೇ ವರ್ಷಗಟ್ಟಲೆ ಕೆಲಸ ನಡೆಸಿದರು. ಗ್ರಾಮಸಭೆಗೆ ಮಾತ್ರ ಇಂಥ ಅವಧಿಯಿಲ್ಲ. ಮತದಾರರೇ ಅದರ ಸದಸ್ಯರು. ಕೇಳುವ ಸದಸ್ಯರು ಇಲ್ಲದಾಗ ಗ್ರಾಮಸಭೆಗೆ ಹೋಗುವ ಹೊಣೆ ಇನ್ನೂ ಹೆಚ್ಚುತ್ತದೆ.

ಯಾರ ಅಧಿಕಾರ ಎಷ್ಟು

ಅನೇಕ ಅರ್ಜಿಗಳು ತಪ್ಪು ಕಚೇರಿಗೆ ಹೋಗಿ ಕಾಲ ಕಳೆಯುತ್ತವೆ. ಮೊದಲು ಕೆಲಸವನ್ನು ವಿಂಗಡಿಸಿಕೊಳ್ಳಬೇಕು.

ಊರಿನ ಕುಡಿಯುವ ನೀರು, ಚರಂಡಿ, ದನದ ತೊಟ್ಟಿ, ಊರೊಳಗಿನ ದಾರಿ ಪಂಚಾಯಿತಿಯೇ ತೀರ್ಮಾನಿಸಬಹುದಾದ ಕೆಲಸಗಳು.

ಕೆರೆಯ ವಿಷಯದಲ್ಲಿ ಅಚ್ಚುಕಟ್ಟು ನೋಡಬೇಕು. 40 ಹೆಕ್ಟೇರಿಗಿಂತ ಕಡಿಮೆ ಅಚ್ಚುಕಟ್ಟಿನ ಕೆರೆಗಳು ಪಂಚಾಯತ್ ರಾಜ್ ಸಂಸ್ಥೆಗಳಿಗೆ ಸೇರಿದವು; 40ರಿಂದ 2,000 ಹೆಕ್ಟೇರ್‌ವರೆಗಿನವು ಸಣ್ಣ ನೀರಾವರಿ ಇಲಾಖೆಗೆ ಸೇರುತ್ತವೆ.

ದಾರಿ ಅಥವಾ ಗೋಮಾಳದ ಒತ್ತುವರಿ ತಹಶೀಲ್ದಾರರಿಗೆ, ಆನೆ, ಹಂದಿಗಳಿಂದಾದ ಬೆಳೆಹಾನಿ ಅರಣ್ಯ ಇಲಾಖೆಗೆ ಹೋಗಬೇಕಾದ ವಿಷಯ. ಇಲ್ಲಿ ಪಂಚಾಯಿತಿ ಶಿಫಾರಸು ಮಾಡಬಹುದೇ ಹೊರತು ಆದೇಶ ಮಾಡಲಾಗದು. ಆದರೂ ಒಬ್ಬನ ಅರ್ಜಿಗಿಂತ ಊರಿನ ನಿರ್ಣಯಕ್ಕೆ ತೂಕ ಹೆಚ್ಚು.

ಕಾಲ ತಪ್ಪಿಸಬಾರದು

ಮುಂಗಾರಿಗೆ ಭೂಮಿ ಸಿದ್ಧಮಾಡುವಂತೆ ಬೇಡಿಕೆಗೂ ಹದವಾದ ಕಾಲವಿದೆ. ಪಂಚಾಯಿತಿಯ ಲೆಕ್ಕದ ವರ್ಷ ಏಪ್ರಿಲ್ 1ಕ್ಕೆ ಆರಂಭವಾಗುತ್ತದೆ. ಅದಕ್ಕೆ ಬೇಕಾದ ಅಭಿವೃದ್ಧಿ ಯೋಜನೆಯ ತಯಾರಿ ಹಿಂದಿನ ಅಕ್ಟೋಬರ್ ಸುಮಾರಿಗೇ ನಡೆಯುತ್ತದೆ. ಮಾರ್ಚಿಯಲ್ಲಿ ಕೆರೆ ಒಣಗಿದ ಮೇಲೆ ಹೂಳೆತ್ತಿಸಿ ಎಂದು ಕೇಳುವುದು, ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂತೆ.

ಹಣಕ್ಕೂ ಕಟ್ಟುಪಾಡುಗಳಿವೆ. 15ನೇ ಹಣಕಾಸು ಆಯೋಗವು 2021–26ರ ಅವಧಿಗೆ ಕೊಟ್ಟ ಮಾಮೂಲು ಅನುದಾನದಲ್ಲಿ ಶೇಕಡಾ 60 ಭಾಗ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾಗಿತ್ತು. 2005ರ ಉದ್ಯೋಗ ಖಾತರಿ ಕಾಯ್ದೆಯ ಕಾಲದಲ್ಲಿ ಬದು, ಕೃಷಿಹೊಂಡ, ಹಿಪ್ಪುನೇರಳೆ ನಾಟಿಯಂಥ ಕೆಲಸಗಳು ಪಂಚಾಯಿತಿಯ ಪಟ್ಟಿಯ ಮೂಲಕ ಬಂದವು. ಆದ್ದರಿಂದ ಬರಿಯ "ಹಣ ಕೊಡಿ" ಎನ್ನುವ ಬದಲು, ಈ ಕೆಲಸಕ್ಕೆ ಯಾವ ಬಾಬ್ತಿನ ಹಣ ಹೊಂದುತ್ತದೆ ಎಂದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳನ್ನು ಕೇಳಿ ತಿಳಿಯಬೇಕು.

ಒಂದು ಉದಾಹರಣೆ

ಹನೂರು ಕಡೆಯ ಒಂದು ಹಳ್ಳಿಯನ್ನು ಊಹಿಸಿಕೊಳ್ಳೋಣ. ಊರ ಮುಂದಿನ ಚಿಕ್ಕ ಕೆರೆಯ ತೂಬು ಸೋರುತ್ತಿದೆ. ಮಳೆಗಾಲದಲ್ಲಿ ತುಂಬಿದ ನೀರು ಸಂಕ್ರಾಂತಿಯ ಹೊತ್ತಿಗೆ ಖಾಲಿ. ಸುತ್ತಲಿನ ಬಾವಿ, ಕೊಳವೆಬಾವಿಗಳ ನೀರೂ ಇಳಿಯುತ್ತದೆ. ಮೂರು ವರ್ಷದಿಂದ ರೈತರು ಸಭೆಯಲ್ಲಿ ಎದ್ದು ಹೇಳುತ್ತಿದ್ದಾರೆ. "ಆಗಲಿ, ನೋಡೋಣ" ಎಂಬ ಉತ್ತರ ಬರುತ್ತದೆ. ಪುಸ್ತಕದಲ್ಲಿ ಮಾತ್ರ ಒಂದು ಸಾಲೂ ಇಲ್ಲ. ನಾಲ್ಕನೆಯ ವರ್ಷ ಹತ್ತು ಮನೆಯವರು ಕೂಡಿ ಅರ್ಜಿ ಬರೆದರು ಎನ್ನೋಣ. ಅದರಲ್ಲಿ ಇರಬೇಕಾದ ಅಂಶಗಳು ಇವು:

1. ಕೆರೆಯ ಹೆಸರು, ಸರ್ವೆ ನಂಬರು, ಅಚ್ಚುಕಟ್ಟಿನ ವಿಸ್ತೀರ್ಣ.
2. ಆಗಬೇಕಾದ ಕೆಲಸ ಒಂದೇ ವಾಕ್ಯದಲ್ಲಿ: "ತೂಬು ದುರಸ್ತಿ".
3. ಪ್ರಯೋಜನ ಪಡೆಯುವ ಕುಟುಂಬಗಳ ಸಂಖ್ಯೆ.
4. ಎಲ್ಲರ ಸಹಿ ಅಥವಾ ಹೆಬ್ಬೆಟ್ಟು, ತಾರೀಖು.

ಅರ್ಜಿಯ ಎರಡು ಪ್ರತಿ ಮಾಡಿ, ಒಂದರ ಮೇಲೆ ಕಚೇರಿಯ ಮೊಹರು ಮತ್ತು ಸ್ವೀಕೃತಿ ಪಡೆದು ಇಟ್ಟುಕೊಳ್ಳಬೇಕು. ಸಭೆ ಮುಗಿಯುವ ಮುನ್ನ ನಿರ್ಣಯವನ್ನು ಓದಿ ಹೇಳುವಂತೆ ಕೇಳಬೇಕು. "ಚರ್ಚಿಸಲಾಯಿತು" ಎಂದರೆ ತೀರ್ಮಾನವಾಗಲಿಲ್ಲ ಎಂದೇ ಅರ್ಥ. "ಕ್ರಿಯಾಯೋಜನೆಗೆ ಸೇರಿಸಲು ತೀರ್ಮಾನಿಸಲಾಯಿತು" ಎಂದಿದ್ದರೆ ಮಾತ್ರ ಕೆಲಸ ಒಂದು ಹೆಜ್ಜೆ ಮುಂದೆ ಹೋದಂತೆ. ನಿರ್ಣಯದ ಪ್ರತಿ ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಂತೆ 10 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಬಹುದು. 30 ದಿನಗಳೊಳಗೆ ಉತ್ತರ ಕೊಡಬೇಕು. ಆದ ಖರ್ಚನ್ನು ವರ್ಷಕ್ಕೊಮ್ಮೆ ನಡೆಯುವ ಜಮಾಬಂದಿಯಲ್ಲಿ ಪರಿಶೀಲಿಸಲು ಅವಕಾಶವಿದೆ.

ಗ್ರಾಮಸಭೆಯ ಬಲ

ಗ್ರಾಮಸಭೆಯಿಂದ ಏನಾದೀತು ಎನ್ನುವವರು ಬಿಳಿಗಿರಿರಂಗನ ಬೆಟ್ಟದ ಕಡೆ ನೋಡಬೇಕು. ಅಲ್ಲಿನ ಸೋಲಿಗರು 2006ರ ಅರಣ್ಯ ಹಕ್ಕು ಕಾಯ್ದೆಯಂತೆ ತಮ್ಮ ಗ್ರಾಮಸಭೆಗಳ ಮೂಲಕವೇ ಹಕ್ಕು ಕೇಳಿದರು. 2011ರಲ್ಲಿ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕುಪತ್ರ ದೊರೆಯಿತು. ಜೇನು, ನೆಲ್ಲಿ, ಪಾಚಿಯಂಥ ಕಿರು ಅರಣ್ಯ ಉತ್ಪನ್ನಗಳನ್ನು ನಂಬಿದ ಜನ ಕೂಡಿ ಕೂತು, ಬರೆದು, ಸಹಿ ಹಾಕಿ ಪಡೆದ ಹಕ್ಕು ಇದು.

ವಿಸ್ತರಣಾ ಕಾರ್ಯಕರ್ತರಿಗೆ

ಸುಗ್ಗಿಯ ದಿನ, ಸಂತೆಯ ದಿನ ಸಭೆ ಇಟ್ಟರೆ ರೈತರು ಬರಲಾರರು. ಇದನ್ನು ಪಂಚಾಯಿತಿಗೆ ಮೊದಲೇ ತಿಳಿಸುವುದು ಒಳ್ಳೆಯದು. ಹೊಲದ ಕೆಲಸದ ಹೆಚ್ಚು ಪಾಲು ಹೊತ್ತ ಹೆಣ್ಣುಮಕ್ಕಳು ಬರುವಂತೆ ಸಮಯ ಗೊತ್ತುಮಾಡಿಸಬೇಕು. ಅಚ್ಚುಕಟ್ಟಿನ ಅಳತೆ, ಇಲಾಖೆಯ ನಿಯಮ, ಅಂದಾಜಿನ ವಿವರ ಇವುಗಳಲ್ಲಿ ರೈತರಿಗೆ ನೆರವಾದರೆ ಅರ್ಧ ಕೆಲಸ ಆದಂತೆ.

ರೈತ ಬಾಂಧವರು ಮುಂದಿನ ಗ್ರಾಮಸಭೆಯ ದಿನವನ್ನು ಇಂದೇ ವಿಚಾರಿಸಿ ತಿಳಿದುಕೊಳ್ಳಲಿ. ಬೀಜ, ಗೊಬ್ಬರದ ಚೀಟಿಯಂತೆ ಊರಿನ ಬೇಡಿಕೆಯ ಚೀಟಿಯೂ ಆ ದಿನಕ್ಕೆ ಮೊದಲೇ ಸಿದ್ಧವಾಗಿರಲಿ.