ಕನ್ನಡಕದಂಗಡಿಯ ದಾಕ್ಷಿಣ್ಯ

ಇಂಗ್ಲೆಂಡಿನ ಪೇಟೆಬೀದಿಗಳಲ್ಲಿ ನೇತ್ರಪರೀಕ್ಷೆಯೂ ಕನ್ನಡಕದ ವ್ಯಾಪಾರವೂ ಒಂದೇ ಸೂರಿನಡಿ ನಡೆಯುವುದರಿಂದ, ಅಲ್ಲಿ ಹೊಸದಾಗಿ ನೆಲೆಸಿದ ನಮ್ಮ ಕನ್ನಡಿಗರಿಗೆ, ಪರೀಕ್ಷಿಸಿದವರ ಬಳಿಯೇ ಕನ್ನಡಕವನ್ನೂ ಕೊಳ್ಳಬೇಕೆಂಬ ದಾಕ್ಷಿಣ್ಯವುಂಟಾಗುವುದು ಸಹಜ. ಆ ದಾಕ್ಷಿಣ್ಯ ಅನಾವಶ್ಯಕ. 1989ರ ಕಾನೂನಿನ ಮೇರೆಗೆ, ಪರೀಕ್ಷೆ ಮುಗಿದೊಡನೆಯೇ, ನೀವು ಕೇಳಲಿ ಬಿಡಲಿ, ಮಸೂರದ ಅಂಕಿಗಳನ್ನು ಬರೆದ ಚೀಟಿಯನ್ನು ನಿಮಗೆ ಕೊಡತಕ್ಕದ್ದು. ಅದನ್ನು ಹಿಡಿದು ನೀವು ಬೇರೆಲ್ಲಿಗಾದರೂ ಹೋಗಬಹುದು. ಆದರೆ ಎರಡು ಕಣ್ಣುಪಾಪೆಗಳ ನಡುವಣ ಅಂತರವನ್ನು ಅದರಲ್ಲಿ ನಮೂದಿಸಲೇಬೇಕೆಂಬ ನಿಯಮವಿಲ್ಲವಾಗಿ, ಅದನ್ನು ಕೇಳಿದಾಗ ಅಂಗಡಿಯವರ ಮುಗುಳ್ನಗೆ ತುಸು ಮಾಸುವುದುಂಟು.

ಅಗ್ಗದ ಬೆಲೆಯ ಫಲಕವನ್ನು ನೋಡಿ ಒಳಹೊಕ್ಕವರು ತೆಳುಗಾಜು, ಪ್ರತಿಫಲನ ತಡೆಯುವ ಲೇಪನ ಎಂದು ಒಂದೊಂದಕ್ಕೂ ತಲೆಯಾಡಿಸುತ್ತ ಹೋದರೆ ಲೆಕ್ಕ ಬೇರೆಯೇ ಆಗುತ್ತದೆ; ಒಟ್ಟು ಮೊತ್ತವನ್ನು ಮೊದಲೇ ಬರೆಯಿಸಿಕೊಳ್ಳಿ. ಚಾಳೀಸಿನ ವಯಸ್ಸು ದಾಟಿ, ದೂರಕ್ಕೂ ಸಮೀಪಕ್ಕೂ ಒಂದೇ ಗಾಜಿನ ಪ್ರೋಗ್ರೆಸಿವ್ ಮಸೂರವನ್ನು ಬಯಸುವವರಂತೂ ಇನ್ನಷ್ಟು ಎಚ್ಚರದಿಂದಿರಬೇಕು: ಚೌಕಟ್ಟನ್ನು ನಿಮ್ಮ ಮೂಗಿನ ಮೇಲೆ ಸರಿಯಾಗಿ ಕೂರಿಸಿ, ನಿಮ್ಮ ಕಣ್ಣಿನ ಎದುರಿಗೇ ತಮ್ಮ ಕಣ್ಣನ್ನು ತಂದು, ಪಾಪೆಯ ನೇರಕ್ಕೆ ಗಾಜಿನ ಮೇಲೆ ಗುರುತು ಹಾಕುವವರೇ ನುರಿತವರು. ಈ ಅಳತೆ ತಪ್ಪಿದರೆ ಓದಲು ಗಲ್ಲವೆತ್ತಬೇಕಾಗುತ್ತದೆ, ಕತ್ತು ನೋಯುತ್ತದೆ. ಮೆಟ್ಟಿಲುಗಳು ಮೊದಮೊದಲು ತೇಲಿದಂತೆ ಕಾಣುವುದು ಮಾತ್ರ ಅಭ್ಯಾಸದಿಂದ ಸರಿಹೋಗುವಂಥದು. ಎರಡು ವಾರ ಕಳೆದರೂ ಹಾಗೆಯೇ ಇದ್ದರೆ ಸಂಕೋಚಪಡದೆ ಅಂಗಡಿಗೆ ಹಿಂದಿರುಗಿ ಮರುಪರೀಕ್ಷೆ ಕೇಳಿ. ಅಂದಹಾಗೆ, ಇಂಗ್ಲೆಂಡಿನಲ್ಲಿಯೇ ನೆಲೆಸಿರುವ, ಅರವತ್ತು ತುಂಬಿದ ಹಿರಿಯರಿಗೆ ಅಲ್ಲಿನ ಸರಕಾರಿ ಆರೋಗ್ಯ ಸೇವೆಯಾದ ಎನ್.ಎಚ್.ಎಸ್. ವತಿಯಿಂದ ಪರೀಕ್ಷೆ ಉಚಿತ. ಶುಲ್ಕ ತೆರುವ ಮೊದಲೇ ವಯಸ್ಸನ್ನು ಹೇಳಿಬಿಡಿ.