ಹೇಳಿದರೆ ಸಾಲದು, ಬರೆಸು

ಮಗಳೇ,

ಮೊನ್ನೆ ಫೋನಿನಲ್ಲಿ ನಿನ್ನ ದನಿ ನಡುಗುತ್ತಿತ್ತು. ಸಕಲೇಶಪುರದ ದಾರಿಯಲ್ಲಿ, ಸುರಿವ ಮಳೆಯಲ್ಲಿ, ಹಿಂದೆ ಲಾರಿ ಬರುತ್ತಿರುವಾಗಲೇ ಹೊಸ ಬೈಕು ತಟ್ಟನೆ ನಿಂತುಹೋಯಿತು ಎಂದೆ. ಎರಡು ಸಲ ಶೋರೂಮಿಗೆ ಒಯ್ದರೂ ‘ಈಗ ಸರಿಯಾಗೇ ಇದೆಯಲ್ಲ ಮೇಡಂ’ ಎಂದು ಕಳಿಸಿದರು ಎಂದೆ. ಊರಿನ ಮೆಕ್ಯಾನಿಕ್ ಸೈಡ್ ಸ್ಟ್ಯಾಂಡ್ ಸ್ವಿಚ್ಚಿನ ವೈರು ಕತ್ತರಿಸಿ ಡೈರೆಕ್ಟ್ ಮಾಡಿಕೊಡುತ್ತಾನಂತೆ, ಮಾಡಿಸಲೇ ಎಂದು ಕೇಳಿದೆ. ಬೇಡ, ಮಾಡಿಸಬೇಡ.

ಆ ಪುಟ್ಟ ಸ್ವಿಚ್ಚು ಅಲ್ಲಿರುವುದು ನಿನ್ನ ಜೀವ ಕಾಯಲು. ಸ್ಟ್ಯಾಂಡ್ ಮಡಿಸಲು ಮರೆತು ಹೊರಟರೆ, ಎಡಕ್ಕೆ ತಿರುಗುವಾಗ ಅದು ನೆಲಕ್ಕೆ ತಾಗಿ ಬೈಕನ್ನೇ ಎತ್ತಿ ಒಗೆಯುತ್ತದೆ. ಹಾಗಾಗದಿರಲೆಂದು, ಸ್ಟ್ಯಾಂಡ್ ಕೆಳಗಿರುವಾಗ ಗೇರ್ ಹಾಕಿದರೆ ಎಂಜಿನ್ ನಿಲ್ಲುವ ವ್ಯವಸ್ಥೆ ಮಾಡಿದ್ದಾರೆ. ಸ್ವಿಚ್ಚಿನೊಳಗೆ ನೀರೋ ಕೆಸರೋ ಸೇರಿದರೆ, ಒಳಗಿನ ಲೋಹಕ್ಕೆ ಕಿಲುಬು ಹಿಡಿದರೆ, ಮೇಲಿರುವ ಸ್ಟ್ಯಾಂಡೂ ಕೆಳಗಿದೆ ಎಂದೇ ಬೈಕು ತಿಳಿಯಬಹುದು. ಡೈರೆಕ್ಟ್ ಮಾಡಿಸಿದರೆ ಆ ಕಾವಲೂ ಹೋಯಿತು, ಕತ್ತರಿಸಿದ ವೈರು ತೋರಿಸಿ ವಾರಂಟಿ ಇಲ್ಲ ಎನ್ನಲು ಶೋರೂಮಿನವರಿಗೊಂದು ಕಾರಣವೂ ಸಿಕ್ಕಿತು.

ನಿನ್ನ ವಯಸ್ಸಿನಲ್ಲಿ ನನ್ನ ಬೈಕಿನ ಸೆಲ್ಫ್ ಸ್ವಿಚ್ಚೂ ಹೀಗೇ ಕಾಡಿತ್ತು. ಮೂರು ಸಲ ಶೋರೂಮಿಗೆ ಹೋದೆ, ಮೂರು ಸಲವೂ ಬಾಯಲ್ಲಿ ಹೇಳಿದೆ, ಅವರೂ ತಲೆಯಾಡಿಸಿದರು. ವಾರಂಟಿ ಮುಗಿದ ತಿಂಗಳು ಸ್ವಿಚ್ಚು ಪೂರ್ತಿ ಸತ್ತಿತು. ಬೈಕು ಬಿಟ್ಟಾಗ ಅವರು ದೂರು ಬರೆದುಕೊಳ್ಳುವ ಜಾಬ್ ಕಾರ್ಡುಗಳನ್ನು ತೆಗೆದು ನೋಡಿದರೆ ಮೂರರಲ್ಲೂ ‘ಜನರಲ್ ಚೆಕಪ್’ ಎಂದಷ್ಟೇ ಇತ್ತು. ನನ್ನ ದೂರು ಎಲ್ಲೂ ಇರಲಿಲ್ಲ. ಕೈಯಿಂದ ದುಡ್ಡು ಕೊಟ್ಟು ಹಾಕಿಸಿಕೊಂಡೆ. ಅಂದು ಕಲಿತದ್ದನ್ನೇ ನಿನಗೆ ಹೇಳುತ್ತಿದ್ದೇನೆ: ದೂರು ಹೇಳಿದರೆ ಸಾಲದು, ಬರೆಸಬೇಕು.

ಮಳೆಯಲ್ಲಿ ಕೆಡುವ ಸ್ವಿಚ್ಚು ಶೋರೂಮಿನ ಸೂರಿನಡಿ ಒಣಗಿ ಸರಿಹೋಗುತ್ತದೆ. ಅವರು ಸುಳ್ಳು ಹೇಳುತ್ತಿದ್ದಾರೆ ಎಂದುಕೊಳ್ಳಬೇಡ, ಅವರ ಕಣ್ಣಿಗೆ ಅದು ಕಂಡಿಲ್ಲ. ಮುಂದಿನ ಸಲ ನಿಂತಾಗ ಬೈಕನ್ನು ರಸ್ತೆಯಂಚಿಗೆ ತಳ್ಳಿಕೊಂಡು ಹೋಗಿ, ಮೊಬೈಲಿನಲ್ಲಿ ವಿಡಿಯೋ ಮಾಡಿಕೋ: ಸ್ಟ್ಯಾಂಡ್ ಮೇಲಿದೆ, ಗೇರ್ ಹಾಕಿದೊಡನೆ ಎಂಜಿನ್ ನಿಲ್ಲುತ್ತಿದೆ. ಮೀಟರಿನ ಕಿಲೋಮೀಟರೂ ಅದರಲ್ಲಿ ಕಾಣಲಿ. ಜಾಬ್ ಕಾರ್ಡಿನಲ್ಲಿ ನಿನ್ನ ಮಾತಿನಲ್ಲೇ ಬರೆಸು: ‘ಮಳೆಯಲ್ಲಿ ಓಡುವಾಗ ಎಂಜಿನ್ ನಿಲ್ಲುತ್ತದೆ, ಇದು ಮೂರನೇ ಸಲ.’ ಓದಿ ನೋಡದೆ ಸಹಿ ಹಾಕಬೇಡ. ಪ್ರತಿ ಕೇಳಿ ಪಡೆ. ಫ್ರೀ ಸರ್ವಿಸುಗಳನ್ನು ಹೇಳಿದ ಗಡುವಿನೊಳಗೆ ಮಾಡಿಸಿದ ದಾಖಲೆ ಜೊತೆಯಲ್ಲಿರಲಿ. ವಾಟರ್ ಸರ್ವಿಸ್ ಮಾಡಿಸುವಾಗ ಸ್ವಿಚ್ಚುಗಳ ಮೇಲೆ ಜೋರಾಗಿ ನೀರು ಹಾಯಿಸದಂತೆ ನೋಡಿಕೋ. ಆಗ ‘ನೀರು ನೀವೇ ಬಿಟ್ಟದ್ದು’ ಎಂದರೆ ಎದೆಯೆತ್ತಿ ಉತ್ತರ ಕೊಡಬಹುದು. ಮಲೆನಾಡಿನಲ್ಲಿ ಮಳೆಯಲ್ಲಿ ಓಡಿಸುವುದು ಸವಾರಳ ತಪ್ಪಲ್ಲ.

ಎಣ್ಣೆ ಮೆತ್ತಿದ ಕೈಯ ಹುಡುಗನ ಮೇಲೆ ರೇಗಬೇಡ. ಸ್ವಿಚ್ಚನ್ನು ಅವನು ಮಾಡಿದ್ದಲ್ಲ, ಬದಲಿಸಲು ಒಪ್ಪುವ ಅಧಿಕಾರವೂ ಅವನದಲ್ಲ. ಸರ್ವಿಸ್ ಮ್ಯಾನೇಜರನ್ನು ಕೇಳು. ಆಗದಿದ್ದರೆ ಕಂಪನಿಗೆ ಇಮೇಲ್ ಬರೆ. ಅದಕ್ಕೂ ಜಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡು. ಕೊನೆಗೆ ಜಿಲ್ಲಾ ಗ್ರಾಹಕರ ಆಯೋಗವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನೀನು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ವಕೀಲರು ಇರಲೇಬೇಕೆಂದಿಲ್ಲ. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ದೂರಿಗೆ ಕಾರಣವಾದ ದಿನದಿಂದ 2 ವರ್ಷ ಕಾಲಾವಕಾಶವಿದೆ. ಅಲ್ಲಿಯವರೆಗೆ ಹೋಗುವ ಅಗತ್ಯ ಬಹುಶಃ ಬಾರದು. ಆದರೆ ಹೋದರೂ ನಿನ್ನ ಪರವಾಗಿ ಮಾತಾಡುವುದು ಆ ಜಾಬ್ ಕಾರ್ಡುಗಳೇ.

ಸ್ವಿಚ್ಚು ಬದಲಾದ ದಿನ ಅಲ್ಲೇ ಪರೀಕ್ಷಿಸು. ಕ್ಲಚ್ ಹಿಡಿದು, ಗೇರ್ ಹಾಕಿ, ಸ್ಟ್ಯಾಂಡ್ ಇಳಿಸು. ಎಂಜಿನ್ ನಿಲ್ಲಬೇಕು. ಏನು ಬದಲಿಸಿದರೆಂದು ಬರೆಸಿಕೊಂಡೇ ಹೊರಡು. ಆಮೇಲೂ ಮೊದಲ ಮಳೆಗೆ ಘಟ್ಟ ಹತ್ತಬೇಡ, ಊರೊಳಗೇ ನಾಲ್ಕು ಸುತ್ತು ಓಡಿಸಿ ನೋಡು. ಮಳೆಯಲ್ಲಿ ಕೆಟ್ಟದ್ದು ಸರಿಯಾಯಿತೇ ಎಂದು ಮಳೆಯೇ ಹೇಳಬೇಕು. ಮನೆಗೆ ಬಂದು ನನಗೊಂದು ಫೋನ್ ಮಾಡು, ಕಾಯುತ್ತಿರುತ್ತೇನೆ.

ನಿನ್ನ ದೊಡ್ಡಪ್ಪ